ಒಂದು ಜೊತೆ ಚರ್ಮದ ಕಾಲುಚೀಲ

ಗೇಲನ್ ರೋಸ್ಕೆ ವಿಮಾನ ನಿಲ್ಲಿಸೋ ಹ್ಯಾಂಗರಿನ ಗೋಡೆ ಮೇಲೆ, ಕಾಫಿ ಪಾತ್ರೆಗೆ ಸರಿಯಾಗಿ ಮೇಲುಗಡೆ, ಅಂಗಿ ತೋಳಿನ ಹಾಗಿರೋ ಒಂದು ತಗಡಿನ ತೋಳು ನೇತುಹಾಕಿತ್ತು. ಅದರ ಕೆಳಗೊಂದು ಹಲಗೆ. ಹಲಗೆ ಮೇಲೆ ಕೆಂಪು ಬಣ್ಣದಲ್ಲಿ ‘ವರ್ಲಿನ್‌ನ ಐಸ್‌ಪೆಟ್ಟಿಗೆ’ ಅಂತ ಬರೆದಿತ್ತು. ಆ ಅಕ್ಷರ ನಂದು. ಆ ಹೆಸರಿಟ್ಟವಳೂ ನಾನೇ. ಶನಿವಾರ ಶನಿವಾರ ನಾವು ವಿಮಾನದವರೆಲ್ಲ ಅಲ್ಲಿ ಸೇರ್ತೀವಿ. ಮೂವತ್ತೆಂಟು ಶನಿವಾರ ಅದೇ ಹಲಗೆ ಕೆಳಗೆ ಕೂತು ಪ್ಯಾನ್‌ಕೇಕ್ ತಿಂದಿದ್ದೀನಿ. ತಿನ್ನೋಕೆ ಮನಸ್ಸಿರಲಿಲ್ಲ. ಆದ್ರೂ ತಿಂದೆ. ಆರ್ಲಿಸ್ ತಟ್ಟೆ ಪಕ್ಕಕ್ಕಿಟ್ಟಳು ಅಂದ್ರೆ ಇಡೀ ಹ್ಯಾಂಗರು ತಿರುಗಿ ‘ಯಾಕೆ, ಏನಾಯ್ತು’ ಅಂತ ಕೇಳುತ್ತೆ ನೋಡಿ, ಅದಕ್ಕೆ.

ಆರ್ಲಿಸ್ ಅಂದ್ರೆ ನಾನು. ಹೊಲಿಗೆಯವಳು. ಮಾಂಟಾನಾದ ಈ ಸಣ್ಣ ವಿಮಾನದ ಬಯಲಲ್ಲಿ ಇಪ್ಪತ್ಮೂರು ವಿಮಾನ ನಿಂತಿವೆ, ಅದರಲ್ಲಿ ಒಂಬತ್ತು ವಿಮಾನ ಜನ ತಾವೇ ಕೈಯಾರೆ ಕಟ್ಟಿಕೊಂಡಿದ್ದು. ಕಾರು ನಿಲ್ಲಿಸೋ ಶೆಡ್ಡಲ್ಲಿ ಎಂಟು-ಹತ್ತು ವರ್ಷ ರಿವೆಟ್ ಹೊಡ್ಕೊಂಡು, ಹೆಂಡತಿ ಕೈಲಿ ಬೈಸಿಕೊಂಡು ಕಟ್ಟಿರೋ ವಿಮಾನಗಳು. ಅಷ್ಟಕ್ಕೂ ಸೀಟು, ಕಾರ್ಪೆಟ್ಟು, ಪಕ್ಕದ ಹೊದಿಕೆ ಎಲ್ಲಾ ಹೊಲಿದುಕೊಟ್ಟವಳು ನಾನು. ಎಪ್ಪತ್ತಕ್ಕೆ ಇನ್ನೊಂದೇ ವರ್ಷ ಬಾಕಿ. ಕೈ ಇನ್ನೂ ಚುರುಕು, ನಾಲಿಗೆ ಕೈಗಿಂತ ಚುರುಕು. ಆ ನಾಲಿಗೆಯೇ ನನ್ನನ್ನ ಇಲ್ಲಿಗೆ ತಂದು ನಿಲ್ಲಿಸಿದ್ದು.

ಈ ವಿಮಾನ ಕಟ್ಟೋರಲ್ಲಿ ಒಂದು ಪದ್ಧತಿ ಇದೆ. ಗೋಡೆಗೆ ಒಂದು ಉದ್ದನೆಯ ಪಟ್ಟಿ ಅಂಟಿಸಿರ್ತಾರೆ. ಯಾರು ಯಾವ ಕೆಲಸ ಮುಗಿಸಿದರೋ ಅವರು ಅದರ ಮುಂದೆ ತಮ್ಮ ಹೆಸರಿನ ಎರಡಕ್ಷರ ಬರೀಬೇಕು. ಬರೆದಾದ ಮೇಲೆ ಮತ್ತೊಬ್ಬ ಹೋಗಿ ಅದನ್ನ ಬಿಚ್ಚಿ ನೋಡೋ ಹಾಗಿಲ್ಲ. ನೋಡಿದ ಅಂದ್ರೆ ಬರೆದವನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ, ಮುಖಕ್ಕೆ ಉಗಿದ ಹಾಗೆ. ನಾವೆಲ್ಲ ಆ ಪಟ್ಟಿ ನಂಬಿಕೊಂಡೇ ಆಕಾಶಕ್ಕೆ ಹಾರೋದು.

ಗೇಲನ್‌ದು ನಾಲ್ಕು ಸೀಟಿನ ವಿಮಾನ, ಹೊಗೆಯ ರಭಸಕ್ಕೆ ತಿರುಗಿ ಗಾಳಿ ಒತ್ತಿ ತುಂಬೋ ಟರ್ಬೊ ಹಾಕಿದ ಇಂಜಿನ್ನು. ಹೆಂಡತಿ ಲೊರೆಟ್ಟಾಳನ್ನ ಕೂರಿಸಿಕೊಂಡು ಬೆಟ್ಟಸಾಲು ದಾಟಿ ಮೊಮ್ಮಗಳನ್ನ ನೋಡ್ಕೊಂಡು ಬರಬೇಕು ಅನ್ನೋದು ಅವನ ಆಸೆ. ಬೆಟ್ಟ ದಾಟಬೇಕು ಅಂದ್ರೆ ಎತ್ತರಕ್ಕೆ ಹೋಗಬೇಕು, ಎತ್ತರಕ್ಕೆ ಹೋದ್ರೆ ಗಾಳಿ ತೆಳು, ಟರ್ಬೊ ಇಲ್ಲದಿದ್ರೆ ಇಂಜಿನ್ನಿಗೆ ಉಸಿರು ಸಾಲದು. ಒಂಬತ್ತು ವರ್ಷ ಕಟ್ಟಿದ. ಒಳಗಿನ ಹೊಲಿಗೆ ನಂದು. ಬಿಸಿಗಾಳಿಯ ವ್ಯವಸ್ಥೆ ವರ್ಲಿನ್ ಓಕ್ಸ್‌ದು.

ವರ್ಲಿನ್ ಬೀಟ್ ಸಕ್ಕರೆ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ವೆಲ್ಡಿಂಗ್ ಮಾಡಿದವನು. ಈಗ ಎಪ್ಪತ್ತೆಂಟು. ಮಾತು ಕಮ್ಮಿ. ಹೆಂಡತಿ ಹೋದ ಮೇಲೆ ಅವನಿಗೆ ಇದ್ದಿದ್ದು ಎರಡೇ, ಶನಿವಾರದ ಪ್ಯಾನ್‌ಕೇಕು ಮತ್ತು ವೆಲ್ಡಿಂಗು. ಇಂಜಿನ್ನಿನ ಹೊಗೆ ಪೈಪು ಕೆಂಡದ ಹಾಗೆ ಕಾಯುತ್ತಲ್ಲ, ಅದರ ಸುತ್ತ ಒಂದು ತಗಡಿನ ತೋಳು ತೊಡಿಸ್ತಾರೆ. ಹೊರಗಿನ ಗಾಳಿ ಆ ತೋಳೊಳಗೆ ನುಗ್ಗಿ, ಪೈಪಿಗೆ ಸವರಿಕೊಂಡು ಬಿಸಿಯಾಗಿ, ಒಳಗೆ ಕೂತವರ ಕಾಲಿಗೆ ಬರುತ್ತೆ. ಇಷ್ಟೇ ವಿಷಯ. ಆದ್ರೆ ಆ ತೋಳನ್ನ ಬೆಸೆಯೋದು ಎಲ್ಲರ ಕೈಲೂ ಆಗೋ ಕೆಲಸವಲ್ಲ. ವರ್ಲಿನ್ ಬೆಸೆದ ಗೆರೆ ನಾನು ಮಿಷನ್ನಲ್ಲಿ ಹಾಕಿದ ಹೊಲಿಗೆಗಿಂತ ನೆಟ್ಟಗಿರ್ತಿತ್ತು. ಇದನ್ನ ನಾನು ಅವನೆದುರು ಯಾವತ್ತೂ ಹೇಳಿರಲಿಲ್ಲ.

ಈಗ ನನ್ನ ಕರ್ಮದ ಕಥೆಗೆ ಬರ್ತೀನಿ. ವಿಮಾನ ವಾಲಿಸೋಕೆ ರೆಕ್ಕೆ ಅಂಚಿನ ರೆಪ್ಪೆ ಆಡಿಸೋ ಎರಡು ಸಲಾಕೆ ಸೀಟಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಗೋಡೆ ತೂರಿ ಹೊರಗೆ ಹೋಗ್ತವೆ. ಸಲಾಕೆ ಆಡಬೇಕಲ್ಲ, ಅದಕ್ಕೆ ತೂತು ದೊಡ್ಡದು, ಮುಷ್ಟಿ ಹಿಡಿಸುವಷ್ಟು. ಅಲ್ಲಿಂದ ಗಾಳಿ ಬರದ ಹಾಗೆ ಚರ್ಮದ ಚೀಲ ತೊಡಿಸಬೇಕು, ಕಾರಿನ ಗೇರ್ ಕಡ್ಡಿ ಬುಡಕ್ಕೆ ಹಾಕಿರ್ತಾರಲ್ಲ ಆ ಥರದ್ದು. ನಾವು ಅದನ್ನ ಕಾಲುಚೀಲ ಅಂತೀವಿ. ಒಂದು ಜೊತೆ ಹೊಲಿದಿಟ್ಟಿದ್ದೆ. ಅದನ್ನ ಬಿಗಿಯೋ ಬಳೆ ಅಂಚೆಯಲ್ಲಿ ಬರಬೇಕಿತ್ತು, ಬಂದಿರಲಿಲ್ಲ. ಆಗಸ್ಟ್ ತಿಂಗಳು, ಸುಡೋ ಬಿಸಿಲು. ಮಾರನೇ ದಿನ ಗೇಲನ್ ವಿಮಾನ ತಗೊಂಡು ಪಕ್ಕದ ರಾಜ್ಯ ಇಡಾಹೊದಲ್ಲಿ ಸೇರೋ ವಿಮಾನದವರ ಸಂತೆಗೆ ಹೊರಟಿದ್ದ. ‘ಆರ್ಲಿಸ್, ಮುಗೀತಾ? ಸೀಟು ಕೂರಿಸ್ಲಾ?’ ಅಂತ ಹತ್ತು ಸಲ ಕೇಳಿದ. ಬಳೆ ಬಂದ ಮೇಲೆ ಬಿಚ್ಚಿ ಹಾಕಿದ್ರಾಯ್ತು ಅಂದುಕೊಂಡು ಹೊದಿಕೆ ಮುಚ್ಚಿದೆ. ಪಟ್ಟಿಯಲ್ಲಿ ‘ಸಲಾಕೆ ಕಾಲುಚೀಲ’ ಅನ್ನೋದರ ಮುಂದೆ ನನ್ನ ಎರಡಕ್ಷರ ಬರೆದೆ. ಬರೆದು, ಕೈ ಒರೆಸ್ಕೊಂಡು, ಮರೆತೆ. ಬಳೆ ಬಂದಾಗಲೂ ಯಾವುದಕ್ಕೆ ತರಿಸಿದ್ದು ಅಂತ ನೆನಪಾಗದೆ ಚೂರು ಚರ್ಮದ ಬುಟ್ಟಿಗೆ ಎಸೆದೆ.

ಬೇಸಿಗೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನವೆಂಬರಿನಲ್ಲಿ ಗೇಲನ್ ಲೊರೆಟ್ಟಾಳನ್ನ ಕರ್ಕೊಂಡು ಮೊದಲ ಸಲ ಬೆಟ್ಟ ದಾಟಿದ. ಹೋದ ಅರ್ಧ ಗಂಟೆಗೆ ಅವಳ ಬಾಟಲಿಯ ನೀರಲ್ಲಿ ಐಸು ಕಟ್ಟಿತಂತೆ. ಅವಳಿಗೆ ಮೊದಲೇ ಚಳಿಗೆ ಬೆರಳು ಬೆಳ್ಳಗಾಗಿ ಮರಗಟ್ಟೋ ಕಾಯಿಲೆ. ಇಳಿಯುವಾಗ ಅಳ್ತಾ ಇಳಿದಳು.

ಆ ಶನಿವಾರ ನೋಡಬೇಕಿತ್ತು ನೀವು. ಹನ್ನೊಂದು ಗಂಡಸರು, ಹದಿಮೂರು ಕಾರಣ.

‘ಟರ್ಬೊ ದಾಟಿದ ಮೇಲೆ ಹೊಗೆ ತಣ್ಣಗಾಗುತ್ತೆ ಕಣಯ್ಯ, ಅಲ್ಲಿ ತೋಳು ಹಾಕಿದ್ರೆ ಏನು ಬಂತು?’

‘ಗಾಳಿ ಜೋರಾಗಿ ಹೋಗ್ತಿದೆ, ಕಾಯೋಕೆ ಪುರಸೊತ್ತೇ ಇಲ್ಲ.’

‘ಜೋರಾಗಿಲ್ಲ ಮಾರಾಯ, ಹೋಗ್ತಾನೇ ಇಲ್ಲ!’

ಸುತ್ತಿ ಸುತ್ತಿ ಎಲ್ಲರ ಬೆರಳೂ ತೋಳಿನ ಕಡೆ ತಿರುಗಿತು. ವರ್ಲಿನ್ ಕಾಫಿ ಲೋಟ ಕೆಳಗಿಟ್ಟು, ‘ಇನ್ನೊಂದು ಮಾಡಿಕೊಡ್ತೀನಿ’ ಅಂದ. ಅಷ್ಟೇ ಅಂದಿದ್ದು.

ಅವತ್ತು ಮಧ್ಯಾಹ್ನ ಮನೆಗೆ ಬಂದು ಹರಿದ ಕೈಗವಸಿಗೆ ತೇಪೆ ಹಾಕೋಣ ಅಂತ ಚೂರು ಚರ್ಮದ ಬುಟ್ಟಿ ಕೆದಕಿದೆ. ತಳದಲ್ಲಿ ಸಿಕ್ಕಿದವು. ಎರಡು ಕಾಲುಚೀಲ, ದಾರದಲ್ಲಿ ಕಟ್ಟಿದ್ದು, ಜೊತೆಗೆ ಎರಡು ಬಳೆ. ‘ಗೇಲನ್’ ಅಂತ ಚೀಟಿ ಬೇರೆ ಸಿಕ್ಕಿಸಿದ್ದೆ. ಪಟ್ಟಿಯಲ್ಲಿ ನನ್ನ ಅಕ್ಷರ ಇತ್ತು, ಕಾಲುಚೀಲ ಇಲ್ಲೇ ಬಿದ್ದಿತ್ತು.

ಆಗಲೇ ಫೋನ್ ಮಾಡಬಹುದಿತ್ತು. ಎರಡು ನಿಮಿಷದ ಮಾತು. ‘ಗೇಲನ್, ನಾನೊಬ್ಬಳು ಪೆದ್ದಿ, ಕಾಲುಚೀಲ ಹಾಕೋದೇ ಮರೆತಿದ್ದೀನಿ’ ಅಂದಿದ್ರೆ ಒಂದು ವಾರ ನಗ್ತಿದ್ರು, ಮುಗೀತಿತ್ತು. ನನಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂದ್ರೆ, ಅದಕ್ಕೆ ಮೂರು ವರ್ಷ ಮುಂಚೆ ಮರ್ವ್ ಅಂತ ಒಬ್ಬ ರೆಕ್ಕೆಯೊಳಗೆ ಸ್ಪ್ಯಾನರ್ ಮರೆತು ಮುಚ್ಚಿಬಿಟ್ಟಿದ್ದ. ಪಾಪ, ತಾನೇ ಬಂದು ಹೇಳಿಕೊಂಡ. ನಾನು ಅವನಿಗೆ ‘ಸ್ಪ್ಯಾನರ್ ಮರ್ವ್’ ಅಂತ ಹೆಸರಿಟ್ಟೆ. ಅವನು ಒಳಗೆ ಬಂದ ತಕ್ಷಣ, ‘ಎಲ್ಲರೂ ಚಮಚ ಎಣಿಸಿಕೊಳ್ಳಿ, ಮರ್ವ್ ಬಂದ!’ ಅಂತಿದ್ದೆ. ಒಂದು ವರ್ಷ ತಡೆದ. ಆಮೇಲೆ ತನ್ನ ವಿಮಾನ ಎತ್ತಿಕೊಂಡು ಬೇರೆ ಊರಿನ ಬಯಲಿಗೆ ಹೋಗಿಬಿಟ್ಟ. ಅಂಥ ಬಾಯಿರೋ ನಾನು ಈಗ ಹೋಗಿ ಯಾವ ಮುಖ ಇಟ್ಕೊಂಡು ಹೇಳ್ಲಿ? ನಾಲಿಗೆ ಒಳ್ಳೇದಿದ್ರೆ ನಾಡೆಲ್ಲ ಒಳ್ಳೇದು ಅಂತಾರೆ. ನಾನು ಆ ನಾಡಿನ ಬಾಗಿಲನ್ನ ಎಂದೋ ಮುಚ್ಚಿಕೊಂಡಿದ್ದೆ.

ಮುಂದಿನ ಶನಿವಾರ ಹೇಳ್ತೀನಿ ಅಂದುಕೊಂಡೆ. ಮುಂದಿನ ಶನಿವಾರ ಲೊರೆಟ್ಟಾ ಬಂದು, ‘ಆರ್ಲಿಸ್, ನಂಗೊಂದು ಜೊತೆ ಕುರಿಚರ್ಮದ ಬೂಟು ಹೊಲಿದುಕೊಡೆ, ಆ ಹಾಳಾದ್ದರಲ್ಲಿ ಕಾಲು ಉದುರಿ ಹೋಗುತ್ತೆ’ ಅಂದಳು. ಹೊಲಿದುಕೊಟ್ಟೆ. ಒಳಗೆ ದಪ್ಪ ಉಣ್ಣೆ ಹಾಕಿ, ಎರಡು ಸುತ್ತು ಹೊಲಿಗೆ ಹಾಕಿ. ದುಡ್ಡು ತಗೊಳ್ಳಲಿಲ್ಲ. ‘ಅಯ್ಯೋ, ಎಷ್ಟು ಒಳ್ಳೆಯವಳೇ ನೀನು!’ ಅಂತ ಅವಳು ತಬ್ಬಿಕೊಂಡಳು.

ವರ್ಲಿನ್ ಎರಡನೇ ತೋಳು ತಂದ. ಒಳಗೆ ಪೈಪಿನ ಮೈಗೆಲ್ಲ ಸಣ್ಣ ಸಣ್ಣ ಮೊಳೆ ಬೆಸೆದಿದ್ದ, ಗಾಳಿ ತಡೆದು ತಡೆದು ಕಾಯಲಿ ಅಂತ. ಅಂಥ ಕೆಲಸ ನಾನು ಕಂಡಿಲ್ಲ. ಹಾಕಿ ಹಾರಿದ್ರು. ಮತ್ತೆ ಅದೇ ಚಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಸೋರ್ತಿದ್ದದ್ದು ಒಂದು ಕಡೆ, ಬೆಸೀತಿದ್ದದ್ದು ಇನ್ನೊಂದು ಕಡೆ.

ಆಗ ಗೇಲನ್‌ಗೆ ಒಂದು ಉಪಾಯ ಹೊಳೀತು. ಎಲೆ ಹೀರೋ ಯಂತ್ರ ತಂದು ಬಾಗಿಲಿಂದ ಒಳಗಿನ ಗಾಳಿ ಹೊರಗೆಳೆದು, ಒಳಗಿನ ಸಂದುಸಂದಿಗೂ ಸೋಪಿನ ನೀರು ಹಚ್ಚೋದು. ಎಲ್ಲಿ ಗುಳ್ಳೆ ಬರುತ್ತೋ ಅಲ್ಲಿ ಸೋರ್ತಿದೆ ಅಂತ ಲೆಕ್ಕ. ಸರಿಯಾದ ದಾರಿ ಹಿಡಿದಿದ್ದ ಮನುಷ್ಯ. ಬಾಗಿಲ ಸುತ್ತ ಹಚ್ಚಿದ, ಕಿಟಕಿಗೆ ಹಚ್ಚಿದ, ಕೊನೆಗೆ ಬಕೆಟ್ಟು ಹಿಡ್ಕೊಂಡು ಸೀಟಿನ ಕೆಳಗೆ ಬಗ್ಗಿದ.

‘ಏ! ಆ ಬಕೆಟ್ ಆಚೆ ಇಡೋ!’ ಅಂತ ಕಿರುಚಿದೆ. ‘ಅದು ಉಣ್ಣೆ ಕಾರ್ಪೆಟ್ಟು, ನಿನ್ನ ಅಡುಗೆಮನೆ ನೆಲ ಅಲ್ಲ! ಅಲ್ಲಿ ಎಲ್ಲಾ ನಾನೇ ಮುಚ್ಚಿದ್ದೀನಿ. ಪಟ್ಟಿ ನೋಡು, ನನ್ನ ಅಕ್ಷರ ಇದೆಯೋ ಇಲ್ವೋ? ಯಾಕೆ, ನನ್ನ ಮೇಲೂ ಅನುಮಾನವಾ?’

‘ಅಯ್ಯೋ, ಇಲ್ಲಮ್ಮ ಮಾರಾಯ್ತಿ, ತಪ್ಪಾಯ್ತು’ ಅಂತ ಗೇಲನ್ ಬಕೆಟ್ಟು ಹಿಂದಕ್ಕೆ ತಗೊಂಡ. ಎಲ್ಲರೂ ನಕ್ಕರು. ವರ್ಲಿನ್ ಕೂಡ ನಕ್ಕು, ‘ಆರ್ಲಿಸ್ ಹೊಲಿದಿದ್ರಲ್ಲಿ ಗಾಳಿ ಅಲ್ಲ, ದೆವ್ವ ಕೂಡ ತೂರಲ್ಲ’ ಅಂದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಬೇರೆಯವರ ಹೆಗಲು ಹಿಡಿದು ಅಲ್ಲಾಡಿಸಿದೆ. ಅಲ್ಲಿಯವರೆಗೆ ಅದು ಮರೆವು. ಅವತ್ತಿಂದ ಸುಳ್ಳು.

ಎರಡನೇ ಚಳಿಗಾಲ ಬಂತು. ವರ್ಲಿನ್‌ನ ಬಲಗಣ್ಣು ಅಷ್ಟೊತ್ತಿಗೆ ಹೋಗಿತ್ತು. ನಡುವೆ ಕರಿ ಕಲೆ, ಸುತ್ತ ಮಾತ್ರ ಕಾಣೋ ಆ ವಯಸ್ಸಿನ ರೋಗ. ಎಡಗಣ್ಣು ಇನ್ನೂ ಚೆನ್ನಾಗಿತ್ತು. ಮೂರನೇ ತೋಳು ಮಾಡೋವಾಗ ತಲೆ ಒಂದು ಕಡೆ ಓರೆ ಮಾಡ್ಕೊಂಡು, ಎಡಗಣ್ಣಲ್ಲಿ ನೋಡ್ಕೊಂಡು ಬೆಸೀತಿದ್ದ. ಮೂರು ವಾರ ಹಿಡೀತು. ನಾನು ಅವನ ಶೆಡ್ಡಿಗೆ ಕಾಫಿ ತಗೊಂಡು ಹೋಗ್ತಿದ್ದೆ. ಹೇಳಬೇಕು ಅಂತಲೇ ಹೋಗೋದು, ಹೇಳದೆ ವಾಪಸ್ ಬರೋದು. ‘ಇದು ಸರಿಹೋಗಲಿಲ್ಲ ಅಂದ್ರೆ ನನ್ನ ಕೈಯೇ ಕೆಟ್ಟಿದೆ ಅಂತ ಆರ್ಲಿಸ್’ ಅಂದ ಒಂದಿನ. ನಾನು ‘ಸುಮ್ನಿರೋ, ಕಾಫಿ ಕುಡಿ’ ಅಂದೆ. ಅಂದೆನಲ್ಲ, ಆ ಬಾಯಿಗಿಷ್ಟು ಬೆಂಕಿ ಹಾಕ.

ಮೂರನೇದೂ ಸರಿಹೋಗಲಿಲ್ಲ. ಗೇಲನ್‌ಗೆ ತಾಳ್ಮೆ ತಪ್ಪಿ, ದೂರದ ಒಂದು ಕಾರ್ಖಾನೆಗೆ ಹೊಸ ತೋಳು ಬೇಕು ಅಂತ ಬರೆದು ಹಾಕಿದ. ಬರೋಕೆ ಹತ್ತು ದಿನ ಅಂದಿದ್ರು. ಅಷ್ಟರೊಳಗೆ ಬುಧವಾರ ವರ್ಲಿನ್‌ನ ತೋಳಲ್ಲೇ ಕೊನೇ ಸಲ ಹಾರಿ, ಬಿಸಿ ಎಷ್ಟು ಅಂತ ಬರೆದುಕೊಳ್ತೀನಿ ಅಂದ. ನನಗೆ ದಾರಿ ಕಂಡ ಹಾಗಾಯ್ತು. ಬುಧವಾರಕ್ಕೆ ಮುಂಚೆ ನಾನು ಹೋಗಿ ಸದ್ದಿಲ್ಲದೆ ಕಾಲುಚೀಲ ಹಾಕಿಬಿಟ್ರೆ, ವರ್ಲಿನ್‌ನ ತೋಳೇ ಗೆಲ್ಲುತ್ತೆ. ಅವನ ಮಾನವೂ ಉಳಿಯುತ್ತೆ, ನನ್ನ ಮಾನವೂ ಉಳಿಯುತ್ತೆ.

ಮಂಗಳವಾರ ಬೆಳಿಗ್ಗೆ ಗೇಲನ್ ಹಲ್ಲಿನ ಡಾಕ್ಟರ ಹತ್ರ ಹೋಗಿದ್ದ. ಹ್ಯಾಂಗರಿನ ಬೀಗದ ಕೈ ಕಾಫಿ ಡಬ್ಬದ ಕೆಳಗಿರುತ್ತೆ ಅಂತ ಊರಿಗೆಲ್ಲ ಗೊತ್ತು. ನಾನು ಸೀಟು ಎತ್ತಿ, ಹೊದಿಕೆ ಬಿಚ್ಚಿ, ಮಂಡಿಯೂರಿ ಆ ತೂತುಗಳನ್ನ ನೋಡಿದೆ. ಹೊರಗಿನ ಹಿಮದ ಬೆಳಕು ಅದರೊಳಗಿಂದ ಕಾಣ್ತಿತ್ತು. ಕೈ ಇಟ್ಟರೆ ಗಾಳಿ ಸುಯ್ ಅಂತಿತ್ತು. ಎರಡು ಚಳಿಗಾಲ ಇಡೀ ಹ್ಯಾಂಗರು ಹುಡುಕಿದ್ದು ಇದನ್ನೇ. ಒಂದು ಗಂಟೆಯಲ್ಲಿ ಕಾಲುಚೀಲ ತೊಡಿಸಿ, ಬಳೆ ಬಿಗಿದು, ಎಲ್ಲಾ ಮುಚ್ಚಿ ಕಳ್ಳಿ ಹಾಗೆ ಮನೆಗೆ ಬಂದೆ.

ಹೊಸ ತೋಳು ಅವತ್ತು ಮಧ್ಯಾಹ್ನವೇ ಬಂತು. ಹೇಳಿದ್ದಕ್ಕಿಂತ ಎಂಟು ದಿನ ಮುಂಚೆ. ನಮ್ಮೂರಿಗೆ ಯಾವ ಪಾರ್ಸಲ್ಲಾದರೂ ಹೇಳಿದ ದಿನಕ್ಕೆ ಬಂದಿದ್ದುಂಟಾ? ಅದೊಂದು ಮಾತ್ರ ಮುಂಚೆ ಬರಬೇಕಿತ್ತು. ಗೇಲನ್ ಕಾಯೋ ಜಾತಿಯೇ ಅಲ್ಲ. ಸಂಜೆಯೊಳಗೆ ವರ್ಲಿನ್‌ನ ತೋಳು ಕಿತ್ತು ಹೊಸದು ಹಾಕಿದ. ಬುಧವಾರ ಹಾರಿದ. ಹದಿನಾರು ಸಾವಿರ ಅಡಿ ಮೇಲೆ ಕೋಟು ಬಿಚ್ಚಿ ಕೂತನಂತೆ.

‘ಓವನ್ ಕಣೆ ಆರ್ಲಿಸ್, ಓವನ್!’ ಅಂತ ಫೋನಲ್ಲಿ ಕೂಗಿದ. ‘ಎರಡು ಚಳಿಗಾಲ ಆ ಮುದುಕನ ಮರ್ಯಾದೆ ನೋಡ್ಕೊಂಡು ಕೂತು ಕೆಟ್ಟೆವು!’

ಕೆಟ್ಟಿದ್ದು ಎಲ್ಲಿ ಅಂತ ಹುಡುಕೋರಿಗೆಲ್ಲ ಒಂದೇ ನಿಯಮ, ಒಂದು ಸಲಕ್ಕೆ ಒಂದೇ ಬದಲಾಯಿಸು. ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ದೇವರಿಗೂ ತಿಳಿಯಲ್ಲ. ಗೇಲನ್ ಒಂದೇ ಬದಲಾಯಿಸಿದ್ದ. ಇನ್ನೊಂದನ್ನ ನಾನು ಕದ್ದು ಬದಲಾಯಿಸಿದ್ದೆ. ವರ್ಲಿನ್‌ನನ್ನ ಉಳಿಸೋಕೆ ಹೋಗಿ ಅವನ ಕತ್ತಿಗೆ ಸಾಕ್ಷಿ ಕಟ್ಟಿಕೊಟ್ಟಿದ್ದೆ.

ಆ ಶನಿವಾರ ಗೇಲನ್ ಮೂರನೇ ತೋಳನ್ನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಕೆಟ್ಟತನಕ್ಕಲ್ಲ, ತಮಾಷೆಗೆ, ನಮ್ಮಲ್ಲಿ ಹಾಳಾದ ಭಾಗ ಗೋಡೆಗೆ ಏರೋದು ವಾಡಿಕೆ. ‘ಹೆಸರೇನಿಡೋಣ?’ ಅಂತ ಎಲ್ಲರೂ ನನ್ನ ಕಡೆ ತಿರುಗಿದರು. ಹೆಸರಿಡೋಳು ನಾನೇ ಅಲ್ವಾ. ವರ್ಲಿನ್ ಕೂಡ ನೋಡ್ತಿದ್ದ. ಸುಮ್ಮನಿದ್ರೆ ಅನುಮಾನ ಬರುತ್ತೆ ಅಂತ ಹೆದರಿ ಬಾಯಿ ತೆರೆದೆ. ‘ವರ್ಲಿನ್‌ನ ಐಸ್‌ಪೆಟ್ಟಿಗೆ’ ಅಂತ ಬಂತು. ಛಾವಣಿ ಹಾರುವಷ್ಟು ನಗು. ಬ್ರಶ್ಶು ನನ್ನ ಕೈಗೇ ಕೊಟ್ಟರು, ಬರೆದೆ. ವರ್ಲಿನ್ನೂ ನಕ್ಕ. ನಗು ಮುಗಿದ ಮೇಲೆ, ‘ಸರಿಯಾಗೇ ಇದೆ’ ಅಂದ. ಮುಂದಿನ ವಾರ ಅವನ ವೆಲ್ಡಿಂಗ್ ಸಾಮಾನೆಲ್ಲ ಪಕ್ಕದೂರಿನ ಹೈಸ್ಕೂಲಿಗೆ ಕೊಟ್ಟುಬಿಟ್ಟ ಅಂತ ಸುದ್ದಿ ಬಂತು.

ಅದು ಜನವರಿ. ಅಲ್ಲಿಂದ ಅಕ್ಟೋಬರ್‌ವರೆಗೆ ನಾನು ಬಾಯಿ ಬಿಡಲಿಲ್ಲ. ಬೇರೆಯವರ ತಪ್ಪಿಗೆ ನಗೋದನ್ನ ಬಿಟ್ಟೆ, ಅದು ಯಾರಿಗೂ ಗೊತ್ತಾಗಲಿಲ್ಲ. ವರ್ಲಿನ್ ಶನಿವಾರ ಬರ್ತಿದ್ದ, ಮೂಲೆಯಲ್ಲಿ ಕೂರ್ತಿದ್ದ. ಯಾರಾದ್ರೂ ಸೀಳಿದ ಪೈಪು ತಂದ್ರೆ ಮುಂಚಿನ ಹಾಗೆ ಎದ್ದು ಹೋಗಿ ಮುಟ್ಟಿ ನೋಡ್ತಿರಲಿಲ್ಲ. ‘ಪೇಟೆಗೆ ಕಳಿಸಿ, ಅಲ್ಲಿ ಚೆನ್ನಾಗಿ ಮಾಡ್ತಾರೆ’ ಅಂತಿದ್ದ.

ಅಕ್ಟೋಬರಿನಲ್ಲಿ ಒಂದು ಗುರುವಾರ ನನ್ನ ಹೊಲಿಗೆ ಕೋಣೆಗೆ ಬಂದ. ಹೊಸಿಲು ಕಾಲಲ್ಲಿ ತಡವಿಕೊಂಡು ದಾಟಿದ. ಎಡಗಣ್ಣೂ ಹೋಗ್ತಾ ಇದೆ ಅಂತ ಆಗ ಗೊತ್ತಾಯ್ತು. ಕಂಕುಳಲ್ಲಿ ಅವನ ವೆಲ್ಡಿಂಗ್ ಕೋಟಿತ್ತು, ದಪ್ಪ ಚರ್ಮದ್ದು, ತೋಳಿಗೆಲ್ಲ ಕಿಡಿ ಹಾರಿ ಚುಕ್ಕೆ ಚುಕ್ಕೆ ಸುಟ್ಟಿದ್ದು. ಮೇಜಿನ ಮೇಲಿಟ್ಟ.

‘ತಗೋ ಆರ್ಲಿಸ್. ಒಳ್ಳೆ ಚರ್ಮ. ಕತ್ತರಿಸಿ ಉಪಯೋಗಿಸ್ಕೋ. ಸಲಾಕೆಗೆ ಕಾಲುಚೀಲ ಅದು ಇದು ಹೊಲೀತಿರ್ತೀಯಲ್ಲ, ಅದಕ್ಕಾಗುತ್ತೆ.’

ಕಾಲುಚೀಲ ಅಂತ ಅವನ ಬಾಯಲ್ಲೇ ಬರಬೇಕಾ! ಕತ್ತರಿ ಕೆಳಗಿಟ್ಟೆ. ನಿಂತಲ್ಲೇ ಎಲ್ಲಾ ಹೇಳಿದೆ. ಆಗಸ್ಟು, ಬಳೆ, ಪಟ್ಟಿಯ ಎರಡಕ್ಷರ, ಬುಟ್ಟಿ, ಸೋಪಿನ ಬಕೆಟ್ಟು, ಮಂಗಳವಾರ. ಅಳ್ತಾ ಹೇಳಿದೆ, ಮೂಗು ಒರೆಸ್ಕೊಂಡು ಹೇಳಿದೆ. ಅವನು ಸ್ಟೂಲಿನ ಮೇಲೆ ಕೂತು ಕೇಳಿದ. ಮುಖ ನನ್ನ ಕಡೆ ಇರಲಿಲ್ಲ, ಸ್ವಲ್ಪ ಪಕ್ಕಕ್ಕಿತ್ತು. ಈಗ ಅವನು ನೋಡೋದೇ ಹಾಗೆ.

‘ಕಾಲುಚೀಲ ಯಾವತ್ತು ಸಿಕ್ಕಿದ್ದು?’ ಅಂತ ಕೇಳಿದ.

‘ಮೊದಲನೇ ಚಳಿಗಾಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ವಾರ.’

‘ಅಂದ್ರೆ ಎರಡನೇ ತೋಳಿಗೆ ಮುಂಚೆ.’

‘ಹೂಂ.’

‘ಮೂರನೇದು ಮಾಡೋವಾಗ ನೀನು ದಿನಾ ಕಾಫಿ ತರ್ತಿದ್ದೆ.’

‘ಹೂಂ ವರ್ಲಿನ್.’

ಬೈತಾನೆ ಅಂದುಕೊಂಡೆ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಅವನು ಎದ್ದು ಟೋಪಿ ಹುಡುಕಿಕೊಂಡ. ಬಾಗಿಲ ಹತ್ರ ನಿಂತು, ‘ಶನಿವಾರ ಎಲ್ಲರೆದುರಿಗೆ ಹೇಳು’ ಅಂದ. ‘ಆಮೇಲೆ ಆ ಮೂರನೇ ತೋಳು ಮತ್ತೆ ಹಾಕಿ ಹಾರಿಸಿ. ಅದು ಚೆನ್ನಾಗಿತ್ತೋ ಇಲ್ವೋ ನಂಗೆ ಗೊತ್ತಾಗಬೇಕು. ಅಷ್ಟೇ.’ ಕೋಟು ಮೇಜಿನ ಮೇಲೇ ಬಿಟ್ಟು ಹೋದ.

ಶನಿವಾರ ನಾನು ಕುರ್ಚಿ ಹತ್ತಿ ಮೊದಲು ಆ ಹಲಗೆ ಕಿತ್ತೆ. ‘ಏನೇ, ಹೊಸ ಹೆಸರಿಡ್ತೀಯಾ?’ ಅಂತ ಯಾರೋ ನಕ್ಕರು. ಕುರ್ಚಿ ಮೇಲಿಂದಲೇ ಹೇಳಿದೆ. ಕೆಳಗಿಳಿದ್ರೆ ಧೈರ್ಯ ಉಳಿಯಲ್ಲ ಅಂತ ಗೊತ್ತಿತ್ತು. ಹಂಚಿನ ಮೇಲೆ ಪ್ಯಾನ್‌ಕೇಕು ಸೀದು ಹೊಗೆ ಬಂದ್ರೂ ಯಾರೂ ತಿರುವಿ ಹಾಕಲಿಲ್ಲ.

ಮೊದಲು ಮಾತಾಡಿದ್ದು ಲೊರೆಟ್ಟಾ. ‘ನಾನು ನಿನ್ನ ಹತ್ರ ಬೂಟು ಹೊಲಿಸ್ಕೊಂಡೆ’ ಅಂದಳು. ‘ನಿನ್ನ ತಬ್ಬಿಕೊಂಡೆನಲ್ಲೇ.’ ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದವರ ಹಾಗೆ ಅಂದಳು. ಗೇಲನ್‌ಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ‘ಪಟ್ಟೀಲಿ ಸಹಿ ಹಾಕಿದ್ದೀಯ! ಸಹಿ ಹಾಕಿ ಮುಚ್ಚಿದ್ದೀಯ! ಅದೊಂದೇನಾ, ಇನ್ನೂ ಇದೆಯಾ? ಇನ್ನೆಂಟು ವಿಮಾನದಲ್ಲೂ ನಿನ್ನ ಅಕ್ಷರ ಇದೆ, ಅದನ್ನೆಲ್ಲ ಈಗ ಬಿಚ್ಚಿ ನೋಡ್ಬೇಕಾ?’

‘ನೋಡಿ’ ಅಂದೆ. ‘ಎಲ್ಲಾ ಬಿಚ್ಚಿ ನೋಡಿ.’ ಆಮೇಲೆ ಬಿಚ್ಚಿ ನೋಡಿದ್ರು ಕೂಡ, ಒಬ್ಬೊಬ್ಬರೂ. ಬೇರೆಲ್ಲೂ ಏನೂ ಸಿಗಲಿಲ್ಲ. ಆದ್ರೆ ಬಿಚ್ಚಿ ನೋಡಿದ್ರು. ಆ ಅನುಮಾನದ ಕಲೆ ಹಾಗೇ ಇರುತ್ತೆ.

ವರ್ಲಿನ್ ಮಾತ್ರ ಕೂತಲ್ಲಿಂದ, ‘ತೋಳು ಹಾಕಿ’ ಅಂದ. ಗೇಲನ್ ಗೋಡೆಯಿಂದ ಮೂರನೇ ತೋಳು ಇಳಿಸಿ, ಧೂಳು ಒರೆಸಿ, ಎರಡು ಗಂಟೆಯಲ್ಲಿ ಹಾಕಿದ. ಮಿಕ್ಕಿದ್ದು ಯಾವುದನ್ನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ.

ಮುಂದೆ ಗೇಲನ್, ಪಕ್ಕದಲ್ಲಿ ವರ್ಲಿನ್. ಹಿಂದೆ ನಾನು, ವರ್ಲಿನ್ ಬರಬೇಕು ಅಂದಿದ್ದ. ಕೆಳಗೆ ಅಕ್ಟೋಬರ್ ಆದ್ರೂ ಮೇಲೆ ಜನವರಿಯೇ. ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸ್ಕೊಂಡು ಮೂವರೂ ಏರಿದೆವು. ಹದಿನಾರು ಸಾವಿರಕ್ಕೆ ಬಂದು ವಿಮಾನ ನೇರ ಮಾಡಿದ ಮೇಲೆ ಗೇಲನ್ ಬಿಸಿಗಾಳಿಯ ಹಿಡಿ ಎಳೆದ. ಮೊದಲು ಪಾದಕ್ಕೆ ಬಂತು. ಆಮೇಲೆ ಮಂಡಿಗೆ. ಐದು ನಿಮಿಷಕ್ಕೆ ಗೇಲನ್ ಕತ್ತಿನ ಗುಂಡಿ ಬಿಚ್ಚಿದ. ಹತ್ತು ನಿಮಿಷಕ್ಕೆ ಕೋಟು ಬಿಚ್ಚಿದ. ವರ್ಲಿನ್ ಕೈಗವಸು ತೆಗೆದು, ಮುಂದೆ ಬಗ್ಗಿ, ಗಾಳಿ ಬರೋ ಬಾಯಿಗೆ ಅಂಗೈ ಒಡ್ಡಿದ. ಬಹಳ ಹೊತ್ತು ಹಾಗೇ ಹಿಡ್ಕೊಂಡಿದ್ದ.

‘ಹೊಸದಕ್ಕಿಂತ ಜಾಸ್ತಿ ಇದೆ’ ಅಂದ ಗೇಲನ್. ‘ವರ್ಲಿನ್, ದೇವರಾಣೆ, ಹೊಸದಕ್ಕಿಂತ ಜಾಸ್ತಿ.’

ಇಳಿದಾಗ ಎಲ್ಲರೂ ಹೊರಗೇ ನಿಂತಿದ್ರು. ಗೇಲನ್ ಕೂಗಿ ಹೇಳಿದ. ಚಪ್ಪಾಳೆ ಹೊಡೆದ್ರು, ವರ್ಲಿನ್‌ನ ಬೆನ್ನು ತಟ್ಟಿದ್ರು. ಗೇಲನ್ ಖುಷಿಯಲ್ಲಿ, ‘ನನ್ನ ಇನ್ನೊಂದು ಹೊಗೆ ಪೈಪು ಸಣ್ಣಗೆ ಸೀಳಿದೆ. ಬೇರೆ ಯಾರಿಗೂ ಕೊಡಲ್ಲ. ಸೋಮವಾರ ತಂದುಕೊಡ್ತೀನಿ, ನೀನೇ ಬೆಸೀಬೇಕು’ ಅಂದ.

‘ಆಗಲ್ಲ ಗೇಲನ್. ಗೆರೆ ಕಾಣಲ್ಲ’ ಅಂದ ವರ್ಲಿನ್. ಆಮೇಲೆ ನನ್ನ ಕಡೆ, ನನ್ನ ಸ್ವಲ್ಪ ಪಕ್ಕಕ್ಕೆ, ತಿರುಗಿದ. ‘ಈ ಎಡಗಣ್ಣು ಬೇಸಿಗೆವರೆಗೂ ಚೆನ್ನಾಗಿತ್ತು ಆರ್ಲಿಸ್. ಆಗಸ್ಟ್‌ವರೆಗೆ. ಕೈ ಕೆಟ್ಟಿದೆ ಅಂತ ನಾನೇ ಬಿಟ್ಟು ಕೂತೆ. ಕೈ ಸರಿಯಾಗಿತ್ತು. ಇನ್ನೂ ಏಳು ತಿಂಗಳು ಕೆಲಸ ಮಾಡಬಹುದಿತ್ತು ನಾನು.’

ಕಾಲುಚೀಲ ಹಾಕಿದ್ರೆ ಚಳಿ ನಿಲ್ಲುತ್ತೆ, ಹಲಗೆ ಕಿತ್ತರೆ ಹೆಸರು ಹೋಗುತ್ತೆ. ಆ ಏಳು ತಿಂಗಳನ್ನ ಯಾವ ಬುಟ್ಟಿ ತಳದಿಂದ ಹುಡುಕಿ ತರಲಿ?

‘ನಿನ್ನ ಕೋಟು ಕತ್ತರಿಸಿಲ್ಲ’ ಅಂದೆ. ‘ಹಾಗೇ ಇದೆ. ತಂದುಕೊಡ್ತೀನಿ ವರ್ಲಿನ್.’

‘ನಂಗ್ಯಾಕೆ ಅದು?’ ಅಂದ. ಕೈಗವಸು ಹಾಕಿಕೊಳ್ಳೋಕೆ ಬೆರಳು ಹುಡುಕ್ತಿದ್ದ; ನಾನು ಸಹಾಯಕ್ಕೆ ಕೈ ಚಾಚಿದೆ, ಅವನು ಕೈ ಹಿಂದಕ್ಕೆ ಎಳ್ಕೊಂಡ. ‘ಕತ್ತರಿಸು. ಕಾಲುಚೀಲ ಹೊಲಿ. ಹೊಲಿದ ದಿನವೇ ಹಾಕು.’

ಅಂದು, ಗೇಲನ್‌ನ ರಟ್ಟೆ ಹಿಡ್ಕೊಂಡು ತನ್ನ ಟ್ರಕ್ಕಿನ ಕಡೆ ಹೋದ. ಈಗ ಟ್ರಕ್ಕು ಓಡಿಸೋದು ಅವನ ಪಕ್ಕದ ಮನೆಯವನು.

ವರ್ಲಿನ್ ಈಗಲೂ ಶನಿವಾರ ಬರ್ತಾನೆ. ನನ್ನ ಜೊತೆ ಮಾತಾಡ್ತಾನೆ, ಹವಾಮಾನದ ಬಗ್ಗೆ, ಪ್ಯಾನ್‌ಕೇಕಿನ ಜಾಮ್ ಬಗ್ಗೆ. ಕಾಫಿ ಮಾತ್ರ ನನ್ನ ಕೈಯಿಂದ ತಗೊಳ್ಳಲ್ಲ. ಕೋಟು ನನ್ನ ಹೊಲಿಗೆ ಮಿಷನ್ನಿನ ಎದುರಿನ ಮೊಳೆಗೆ ನೇತುಹಾಕಿದೆ. ಹೋದ ವಾರ ಒಬ್ಬ ಹೊಸಬ ಬಂದು ಒಂದು ಜೊತೆ ಕಾಲುಚೀಲ ಬೇಕು ಅಂದ. ಕತ್ತರಿ ಹಿಡ್ಕೊಂಡು ಆ ಕೋಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಬೇರೆ ಚರ್ಮ ತೆಗೆದು ಹೊಲಿದೆ. ಹೊಲಿದು, ಅವತ್ತೇ ಸಂಜೆ ಹೋಗಿ ಹಾಕಿ ಬಂದೆ. ಪಟ್ಟಿಯಲ್ಲಿ ನನ್ನ ಅಕ್ಷರ ಬರೆಯೋ ಮುಂಚೆ ಆ ಹೊಸಬನನ್ನ ಕರೆದು, ಸೀಟಿನ ಕೆಳಗೆ ಬಗ್ಗಿಸಿ ತೋರಿಸಿದೆ.